ಕ್ವಿನೈನ್ ಕಲಿಸಿದ ರಸಾಯನ ಪಾಠ



ನಮ್ಮ ಪಠ್ಯಪುಸ್ತಕಗಳು ರಸಾಯನ ವಿಜ್ಞಾನದ ಇತಿಹಾಸವನ್ನು ಸಾಮಾನ್ಯವಾಗಿ ವಸ್ತುಗಳ ಇತಿಹಾಸವಾಗಿಯೇ ಹೇಳುತ್ತವೆ. 1828ರಲ್ಲಿ ವೋಲರ್ ಯೂರಿಯಾವನ್ನು ತಯಾರಿಸಿದರು, 1856ರಲ್ಲಿ ಪರ್ಕಿನ್ ಕೃತಕ ಬಣ್ಣವನ್ನು ಕಂಡುಹಿಡಿದರು ಎಂದು ನೀವೆಲ್ಲರೂ ಒಂದು ಅಂಕದ ಪ್ರಶ್ನೆಗೆ ಉತ್ತರ ಬರೆದವರೇ. ಆದರೆ ಒಂದು ವಸ್ತುವನ್ನು ತಯಾರಿಸಬೇಕಾದರೆ ಅದಕ್ಕೆ ತಕ್ಕ ಕ್ರಿಯೆ ಬೇಕು. ಆ ಕ್ರಿಯೆಯನ್ನು ಯಾರೋ ಒಬ್ಬರು ಮೊದಲು ಕಂಡುಹಿಡಿದಿರಬೇಕು. ವಸ್ತುಗಳ ಹೆಸರಿನ ಹಿಂದೆ ಮರೆಯಾಗಿ ಉಳಿದಿರುವ ಈ ಕ್ರಿಯೆಗಳ ಇತಿಹಾಸವನ್ನು ಕ್ವಿನೈನ್ ಎಂಬ ಒಂದೇ ವಸ್ತುವಿನ ಎಳೆ ಹಿಡಿದು ಹೇಳಬೇಕೆಂಬುದು ನನ್ನ ಬಹುದಿನಗಳ ಆಸೆ.

ಕ್ವಿನೈನ್ ಎಂದೊಡನೆ ನಮ್ಮ ಮನೆಯ ಹಿರಿಯರು ಮುಖ ಕಿವುಚುತ್ತಿದ್ದರು. ಮಲೆನಾಡಿನಲ್ಲಿ ಚಳಿಜ್ವರವು ಮನೆಮನೆಗೂ ಬರುತ್ತಿದ್ದ ಕಾಲ ಅದು. ಔಷಧ ಕುಡಿದರೆ ನಾಲಿಗೆ ಕಹಿಯಾಗುವುದಲ್ಲದೆ ಎರಡು ದಿನ ಕಿವಿಯಲ್ಲಿ ಗುಂಯ್ ಎಂಬ ಸದ್ದು ಕೇಳುತ್ತಿತ್ತೆಂದು ನನ್ನ ಅಜ್ಜಿ ಹೇಳುತ್ತಿದ್ದರು. ಆ ಕಹಿಯನ್ನು ಸಹಿಸದವರು ಉಳಿಯುತ್ತಿರಲಿಲ್ಲ ಎಂಬ ಮಾತನ್ನೂ ಅವರೇ ಸೇರಿಸುತ್ತಿದ್ದರು. ಈ ಔಷಧವು ದಕ್ಷಿಣ ಅಮೆರಿಕದ ಆಂಡೀಸ್ ಪರ್ವತಗಳ ಸಿಂಕೋನಾ ಮರದ ತೊಗಟೆಯಿಂದ ಬರುತ್ತದೆ. 1860ರ ಹೊತ್ತಿಗೆ ಬ್ರಿಟಿಷರು ಆ ಮರದ ಸಸಿಗಳನ್ನೂ ಬೀಜಗಳನ್ನೂ ತಂದು ನೀಲಗಿರಿಯಲ್ಲಿ ನೆಟ್ಟರು. ಶಾಲಾ ಪ್ರವಾಸದ ಬಸ್ಸು ಗೂಡಲೂರಿನಿಂದ ಊಟಿಗೆ ಏರುವಾಗ ನಡುವಟ್ಟಂ ಎಂಬ ಊರು ಸಿಗುತ್ತಿದ್ದುದು ನಿಮ್ಮಲ್ಲಿ ಕೆಲವರಿಗಾದರೂ ನೆನಪಿರಬಹುದು. ಸರ್ಕಾರದ ಕ್ವಿನೈನ್ ಕಾರ್ಖಾನೆಯಿದ್ದ ಸ್ಥಳ ಅದು.

ತೊಗಟೆಯಲ್ಲಿರುವ ಔಷಧಸತ್ವವನ್ನು 1820ರಲ್ಲಿ ಪ್ಯಾರಿಸ್ಸಿನ ಪೆಲೆಟಿಯೆ ಮತ್ತು ಕವೆಂಟೂ ಎಂಬಿಬ್ಬರು ಬೇರ್ಪಡಿಸಿ ಅದಕ್ಕೆ ಕ್ವಿನೈನ್ ಎಂದು ಹೆಸರಿಟ್ಟರು. ಅದರ ಅಣುವಿನಲ್ಲಿ 20 ಇಂಗಾಲ, 24 ಜಲಜನಕ, 2 ಸಾರಜನಕ ಮತ್ತು 2 ಆಮ್ಲಜನಕದ ಪರಮಾಣುಗಳಿವೆ ಎಂಬುದನ್ನು 1854ರಲ್ಲಿ ಸ್ಟ್ರೆಕರ್ ಖಚಿತಪಡಿಸಿದರು. ಜ್ವರಪೀಡಿತ ವಸಾಹತುಗಳನ್ನು ಆಳುತ್ತಿದ್ದ ದೇಶಗಳಿಗೆ ಈ ಔಷಧ ಎಷ್ಟಿದ್ದರೂ ಸಾಲದು. ಆದರೆ ಮರ ಬೆಳೆಯುವುದೋ ದೂರದ ಖಂಡದಲ್ಲಿ. ಹಾಗಾಗಿ ಕ್ವಿನೈನನ್ನು ಪ್ರಯೋಗಶಾಲೆಯಲ್ಲಿಯೇ ತಯಾರಿಸುವಂತಾದರೆ ಎಷ್ಟು ಚೆನ್ನ ಎಂದು ಲಂಡನ್ನಿನ ರಾಯಲ್ ಕಾಲೇಜ್ ಆಫ್ ಕೆಮಿಸ್ಟ್ರಿಯ ಮುಖ್ಯಸ್ಥರಾಗಿದ್ದ ಹಾಫ್‌ಮನ್ 1849ರಲ್ಲಿಯೇ ಬರೆದಿದ್ದರು.

ಗುರುಗಳ ಆ ಮಾತನ್ನು ಮನಸ್ಸಿಗೆ ಹಚ್ಚಿಕೊಂಡವನು ವಿಲಿಯಂ ಹೆನ್ರಿ ಪರ್ಕಿನ್ ಎಂಬ ಹದಿನೆಂಟು ವರ್ಷದ ಹುಡುಗ. 1856ರ ಈಸ್ಟರ್ ರಜೆಯಲ್ಲಿ ಮನೆಯಲ್ಲಿಯೇ ಇದ್ದ ಪುಟ್ಟ ಪ್ರಯೋಗಶಾಲೆಯಲ್ಲಿ ಅವನು ಕೆಲಸಕ್ಕೆ ತೊಡಗಿದ. ಅವನ ಲೆಕ್ಕ ಬಹಳ ಸರಳವಾಗಿತ್ತು. ಕಲ್ಲಿದ್ದಲ ಟಾರಿನಿಂದ ದೊರೆತ ವಸ್ತುವಿನಿಂದ ಮಾಡಬಹುದಾದ ಅಲೈಲ್‌ಟೊಲ್ಯುಡೀನ್‌ನಲ್ಲಿ 10 ಇಂಗಾಲ, 13 ಜಲಜನಕ, 1 ಸಾರಜನಕ ಇವೆ. ಅಂಥ ಎರಡು ಅಣುಗಳನ್ನು ಸೇರಿಸಿದರೆ 20 ಇಂಗಾಲ, 26 ಜಲಜನಕ, 2 ಸಾರಜನಕ ಆಯಿತು. ಅದಕ್ಕೆ ಮೂರು ಆಮ್ಲಜನಕ ಕೂಡಿಸಿ ಒಂದು ಅಣು ನೀರನ್ನು ಕಳೆದರೆ ಉಳಿಯುವುದು ಸರಿಯಾಗಿ ಕ್ವಿನೈನಿನ ಸೂತ್ರ! ನೀವೂ ಒಮ್ಮೆ ಕಾಗದದ ಮೇಲೆ ಕೂಡಿ ಕಳೆದು ನೋಡಿ, ಲೆಕ್ಕದಲ್ಲಿ ಒಂದು ಪರಮಾಣುವೂ ತಪ್ಪಿಲ್ಲ. ಆಮ್ಲಜನಕವನ್ನು ಒದಗಿಸಲು ಪರ್ಕಿನ್ ಪೊಟ್ಯಾಸಿಯಂ ಡೈಕ್ರೋಮೇಟನ್ನು ಬಳಸಿದ. ದೊರೆತದ್ದು ಕೆಂಪು ಮಿಶ್ರಿತ ಕಂದು ಬಣ್ಣದ ಪುಡಿ. ಅದರಲ್ಲಿ ಕ್ವಿನೈನಿನ ಸುಳಿವೂ ಇರಲಿಲ್ಲ.

ಏಕೆ ಹೀಗಾಯಿತು? ಪ್ರೌಢಶಾಲೆಯಲ್ಲಿ ಸಮೀಕರಣಗಳನ್ನು ಸರಿದೂಗಿಸುವ ಪಾಠ ಮಾಡುವಾಗಲೆಲ್ಲ ನಾನು ಈ ಪ್ರಶ್ನೆಯನ್ನು ಕೇಳುತ್ತಿದ್ದೆ. ಅಕ್ಕಿ, ಉದ್ದು, ಮೆಂತ್ಯ, ಉಪ್ಪುಗಳ ಅಳತೆ ಸರಿಯಿದ್ದ ಮಾತ್ರಕ್ಕೆ ದೋಸೆ ಏಳುವುದಿಲ್ಲ. ನೆನೆಸುವುದು, ರುಬ್ಬುವುದು, ಹುದುಗು ಬರಿಸುವುದು, ಕಾವಲಿಯ ಹದ ನೋಡುವುದು ಇವೆಲ್ಲ ಬೇಕು. ಸಮೀಕರಣವು ಸಾಮಗ್ರಿಯ ಪಟ್ಟಿಯಿದ್ದಂತೆ, ಅಡುಗೆಯ ಕ್ರಮವನ್ನು ಅದು ಹೇಳುವುದಿಲ್ಲ. ಇನ್ನೊಂದು ತೊಡಕೂ ಇದೆ. ವಾಲ್ಮೀಕಿಯ ಕಥೆಯಲ್ಲಿ 'ಮರಾ'ದ ಅಕ್ಷರಗಳು ಸ್ಥಾನ ಬದಲಿಸಿ 'ರಾಮ' ಆದುದು ನಿಮಗೆ ತಿಳಿದಿದೆ. ಅಕ್ಷರಗಳು ಅವೇ ಆದರೂ ಅರ್ಥ ಬೇರೆ. ಅಣುಗಳಲ್ಲಿಯೂ ಹಾಗೆಯೇ. 48 ಪರಮಾಣುಗಳು ಯಾವುದಕ್ಕೆ ಯಾವುದು ಜೋಡಿಕೊಂಡಿದೆ ಎಂಬುದರ ಮೇಲೆ ಅದು ಕ್ವಿನೈನೋ ಕಂದು ಪುಡಿಯೋ ಎಂಬುದು ನಿರ್ಧಾರವಾಗುತ್ತದೆ. 1856ರಲ್ಲಿ ಅಣುವಿಗೆ ಇಂಥದೊಂದು ಒಳರಚನೆಯಿದೆ ಎಂಬ ಸ್ಪಷ್ಟ ಕಲ್ಪನೆಯೇ ಇರಲಿಲ್ಲ. ಆಯ್ದ ಜಾಗದಲ್ಲಿ ಆಯ್ದ ಬಂಧವನ್ನು ಕಟ್ಟಬಲ್ಲ ಕ್ರಿಯೆಗಳಂತೂ ಬೆರಳೆಣಿಕೆಯಷ್ಟೂ ಇರಲಿಲ್ಲ.

ಮುಂದಿನ ಕಥೆ ನಿಮಗೆ ಗೊತ್ತು. ಕಂದು ಪುಡಿಯಿಂದ ನಿರಾಶನಾಗದೆ ಪರ್ಕಿನ್ ಇನ್ನೂ ಸರಳವಾದ ಅನಿಲೀನಿನ ಮೇಲೆ ಅದೇ ಪ್ರಯೋಗ ಮಾಡಿದ. ಬಂದ ಕಪ್ಪು ಕಸವನ್ನು ಮದ್ಯಸಾರದಲ್ಲಿ ಕರಗಿಸಿದಾಗ ಸುಂದರವಾದ ನೇರಳೆ ಬಣ್ಣ ಕಾಣಿಸಿತು. ಅದು ರೇಷ್ಮೆಗೆ ಗಟ್ಟಿಯಾಗಿ ಹಿಡಿಯಿತು. ಅದೇ ವರ್ಷ ಹಕ್ಕುಪತ್ರ ಪಡೆದು, ಮರುವರ್ಷ ತಂದೆ ಮತ್ತು ಅಣ್ಣನ ನೆರವಿನಿಂದ ಕಾರ್ಖಾನೆ ತೆರೆದು ಅವನು ಶ್ರೀಮಂತನಾದ. ಪಠ್ಯಪುಸ್ತಕದ ಕಥೆ ಸಾಮಾನ್ಯವಾಗಿ ಇಲ್ಲಿಗೆ ಮುಗಿಯುತ್ತದೆ.

ಆದರೆ ನನಗೆ ಮುಖ್ಯವಾಗಿ ಕಾಣುವುದು ಅನಂತರದ ಭಾಗ. 1868ರಲ್ಲಿ ಪರ್ಕಿನ್ ಅವರು ಒಣಹುಲ್ಲಿನ ಪರಿಮಳವುಳ್ಳ ಕೂಮರಿನ್ ಎಂಬ ವಸ್ತುವನ್ನು ಕೃತಕವಾಗಿ ತಯಾರಿಸಿದರು. ಅದಕ್ಕೆ ಬಳಸಿದ ವಿಧಾನವೇ ಇಂದಿಗೂ ಪದವಿ ತರಗತಿಗಳಲ್ಲಿ ಕಲಿಸುವ 'ಪರ್ಕಿನ್ ಕ್ರಿಯೆ'. 1874ರಲ್ಲಿ, ಕೇವಲ ಮೂವತ್ತಾರನೆಯ ವಯಸ್ಸಿನಲ್ಲಿ, ಅವರು ಕಾರ್ಖಾನೆಯನ್ನು ಮಾರಿ ಪೂರ್ಣಾವಧಿ ಸಂಶೋಧನೆಗೆ ಮರಳಿದರು. ಅವರ ನೇರಳೆ ಬಣ್ಣವನ್ನು ಕೆಲವೇ ವರ್ಷಗಳಲ್ಲಿ ಹೊಸ ಬಣ್ಣಗಳು ಹಿಂದಿಕ್ಕಿದವು. ಅವರ ಹೆಸರಿನ ಕ್ರಿಯೆ ಮಾತ್ರ ಉಳಿಯಿತು. ಬಣ್ಣವು ಮಾಡಿದ ಒಂದು ಕುರ್ಚಿಯಿದ್ದಂತೆ, ಕ್ರಿಯೆಯು ಉಳಿಯಿದ್ದಂತೆ. ಕುರ್ಚಿ ಹಳತಾಗುತ್ತದೆ, ಉಳಿಯನ್ನು ಬೇರೆ ಬಡಗಿಯು ಬೇರೊಂದು ಕೆಲಸಕ್ಕೆ ಎತ್ತಿಕೊಳ್ಳುತ್ತಾನೆ.

ಅಷ್ಟರಲ್ಲಿ ಅಣುವಿನ ರಚನೆಯ ತಿಳಿವಳಿಕೆಯೂ ಬೆಳೆಯುತ್ತಿತ್ತು. ಇಂಗಾಲಕ್ಕೆ ನಾಲ್ಕು ಕೈಗಳು ಎಂಬುದು 1858ರಲ್ಲಿಯೂ, ಆ ಕೈಗಳು ನಾಲ್ಕು ಮೂಲೆಗಳ ಕಡೆಗೆ ಚಾಚಿಕೊಂಡಿರುತ್ತವೆ ಎಂಬುದು 1874ರಲ್ಲಿಯೂ ತಿಳಿದುಬಂದವು. ಜರ್ಮನಿಯ ಪಾಲ್ ರಾಬೆ 1908ರ ಹೊತ್ತಿಗೆ ಕ್ವಿನೈನಿನಲ್ಲಿ ಯಾವ ಪರಮಾಣು ಯಾವುದಕ್ಕೆ ಸೇರಿದೆ ಎಂಬ ನಕ್ಷೆಯನ್ನು ಬಿಡಿಸಿದರು. ಆ ನಕ್ಷೆ ನೋಡಿದಾಗ ಕೆಲಸ ಎಷ್ಟು ಕಠಿಣವೆಂದು ಅರ್ಥವಾಯಿತು. ಅದರಲ್ಲಿ ಎಡ-ಬಲ ಭೇದವುಳ್ಳ ನಾಲ್ಕು ಇಂಗಾಲಗಳಿವೆ. ಒಂದೊಂದನ್ನೂ ಎರಡು ಬಗೆಯಲ್ಲಿ ಜೋಡಿಸಬಹುದಾದ್ದರಿಂದ ಒಟ್ಟು ಹದಿನಾರು ರೂಪಗಳು ಸಾಧ್ಯ. ಅವುಗಳಲ್ಲಿ ಒಂದು ಮಾತ್ರ ಕ್ವಿನೈನ್. ಎಡಗಾಲಿನ ಚಪ್ಪಲಿಯು ಬಲಗಾಲಿಗೆ ಹೊಂದದಿರುವಂತೆ, ತಪ್ಪು ರೂಪದ ಅಣು ದೇಹದಲ್ಲಿ ಬೇರೆಯೇ ರೀತಿಯಲ್ಲಿ ವರ್ತಿಸಬಹುದು.

ಈ ನಡುವೆ ಉಪಕರಣಗಳ ಪೆಟ್ಟಿಗೆ ತುಂಬುತ್ತಾ ಬಂತು. 1900ರಲ್ಲಿ ಫ್ರಾನ್ಸಿನ ಗ್ರಿಗ್ನಾರ್ಡ್ ಅವರು ಮೆಗ್ನೀಸಿಯಂ ಲೋಹದ ನೆರವಿನಿಂದ ಇಂಗಾಲಕ್ಕೆ ಇಂಗಾಲವನ್ನು ಬೆಸೆಯುವ ಮಾರ್ಗವನ್ನು ತೋರಿಸಿದರು. 1928ರಲ್ಲಿ ಜರ್ಮನಿಯ ಕೀಲ್ ನಗರದಲ್ಲಿ ಡೀಲ್ಸ್ ಮತ್ತು ಅವರ ಶಿಷ್ಯ ಆಲ್ಡರ್, ಎರಡು ತುಣುಕುಗಳು ಒಮ್ಮೆಗೇ ಎರಡು ಕಡೆ ಬೆಸೆದುಕೊಂಡು ಆರು ಪರಮಾಣುಗಳ ಉಂಗುರವಾಗುವ ಕ್ರಿಯೆಯನ್ನು ವಿವರಿಸಿದರು. ಈ ಎರಡೂ ಕ್ರಿಯೆಗಳು ಕ್ವಿನೈನಿಗಾಗಿ ಹುಟ್ಟಿದವಲ್ಲ. ಆದರೂ ಕ್ರಿಯೆಯೆಂಬುದು ಒಮ್ಮೆ ಪ್ರಕಟವಾದ ಮೇಲೆ ಎಲ್ಲರ ಸ್ವತ್ತಾಗುತ್ತದೆ.

ಕಂಡುಹಿಡಿದವರ ಹೆಸರಿನಿಂದ ಕರೆಯುವ ಇಂಥ ಕ್ರಿಯೆಗಳ ಉದ್ದನೆಯ ಪಟ್ಟಿಯಲ್ಲಿ ನಮ್ಮವರ ಹೆಸರೂ ಇದೆ. 1901ರಲ್ಲಿ ಮದರಾಸಿನಲ್ಲಿ ಜನಿಸಿದ ಕೆ. ವೆಂಕಟರಾಮನ್ ಅವರು ಲಾಹೋರಿನಲ್ಲಿ ಅಧ್ಯಾಪಕರಾಗಿದ್ದಾಗ, ಹೂವು ಎಲೆಗಳಲ್ಲಿ ಕಂಡುಬರುವ ಫ್ಲೇವೋನ್ ಎಂಬ ವಸ್ತುಗಳನ್ನು ತಯಾರಿಸಲು ನೆರವಾಗುವ ಒಂದು ಕ್ರಿಯೆಯನ್ನು 1934ರಲ್ಲಿ ಪ್ರಕಟಿಸಿದರು. ಅದರ ಹಿಂದಿನ ವರ್ಷ ಇಂಗ್ಲೆಂಡಿನ ವಿಲ್ಸನ್ ಬೇಕರ್ ಕೂಡ ಅದನ್ನೇ ಗಮನಿಸಿದ್ದರಿಂದ ಜಗತ್ತು ಅದನ್ನು ಬೇಕರ್–ವೆಂಕಟರಾಮನ್ ಕ್ರಿಯೆ ಎಂದು ಕರೆಯುತ್ತದೆ. ಮುಂದೆ ಅವರು ಕೃತಕ ಬಣ್ಣಗಳ ರಸಾಯನ ವಿಜ್ಞಾನದಲ್ಲಿ ವಿಶ್ವಮಾನ್ಯ ವಿದ್ವಾಂಸರಾದರು. 1957ರಲ್ಲಿ ಪುಣೆಯ ರಾಷ್ಟ್ರೀಯ ರಾಸಾಯನಿಕ ಪ್ರಯೋಗಾಲಯದ ಮೊದಲ ಭಾರತೀಯ ನಿರ್ದೇಶಕರೂ ಆದರು.

ಮರಳಿ ಕ್ವಿನೈನಿಗೆ ಬರೋಣ. ಕ್ವಿನೈನನ್ನು ಆಮ್ಲದೊಡನೆ ಕಾಯಿಸಿದರೆ ಅದರ ಒಂದು ಬಂಧ ಕಳಚಿ ಕ್ವಿನೋಟಾಕ್ಸಿನ್ ಎಂಬ ವಸ್ತುವಾಗುತ್ತದೆ ಎಂಬುದನ್ನು 1853ರಲ್ಲಿಯೇ ಲೂಯಿ ಪಾಶ್ಚರ್ ತೋರಿಸಿದ್ದರು. ಆ ಕಳಚಿದ ಬಂಧವನ್ನು ಮತ್ತೆ ಕಟ್ಟಿ ಕ್ವಿನೋಟಾಕ್ಸಿನ್ನಿನಿಂದ ಕ್ವಿನೈನನ್ನು ಮರಳಿ ಪಡೆದೆವೆಂದು 1918ರಲ್ಲಿ ರಾಬೆ ಮತ್ತು ಕಿಂಡ್ಲರ್ ಪ್ರಕಟಿಸಿದರು. ಆದರೆ ಅವರು ತಮ್ಮ ಪ್ರಯೋಗದ ವಿವರಗಳನ್ನು ಬಹಳ ಸಂಕ್ಷಿಪ್ತವಾಗಿ ಬರೆದರು. ಈ ಸಂಗತಿಯನ್ನು ಮನಸ್ಸಿನಲ್ಲಿಟ್ಟುಕೊಳ್ಳಿ.

ಎರಡನೆಯ ಮಹಾಯುದ್ಧ ಬಂತು. ಪ್ರಪಂಚದ ಬಹುಪಾಲು ಕ್ವಿನೈನ್ ಒದಗಿಸುತ್ತಿದ್ದುದು ಜಾವಾ ದ್ವೀಪದ ಸಿಂಕೋನಾ ತೋಟಗಳು. 1942ರಲ್ಲಿ ಜಾವಾ ಜಪಾನಿನ ವಶವಾಯಿತು. ಮಿತ್ರರಾಷ್ಟ್ರಗಳ ಸೈನಿಕರು ಪೆಸಿಫಿಕ್ ದ್ವೀಪಗಳಲ್ಲಿಯೂ ಬರ್ಮಾದ ಕಾಡುಗಳಲ್ಲಿಯೂ ಗುಂಡಿಗಿಂತ ಹೆಚ್ಚಾಗಿ ಸೊಳ್ಳೆಗೆ ಅಂಜುವಂತಾಯಿತು. ಆಗ ಹಾರ್ವರ್ಡ್ ವಿಶ್ವವಿದ್ಯಾನಿಲಯದ ಇಬ್ಬರು ತರುಣರು, ರಾಬರ್ಟ್ ಬರ್ನ್ಸ್ ವುಡ್‌ವರ್ಡ್ ಮತ್ತು ವಿಲಿಯಂ ಡೋರಿಂಗ್, 1943ರಲ್ಲಿ ಈ ಕೆಲಸಕ್ಕೆ ಕೈಹಾಕಿದರು. 1944ರ ಏಪ್ರಿಲ್ ಹೊತ್ತಿಗೆ ಸರಳ ರಾಸಾಯನಿಕಗಳಿಂದ ಹೊರಟು ಹಂತಹಂತವಾಗಿ ಕ್ವಿನೋಟಾಕ್ಸಿನ್ನನ್ನು ತಲುಪಿದರು. ಅಲ್ಲಿಂದ ಕ್ವಿನೈನಿಗೆ ರಾಬೆಯವರ ಸೇತುವೆ ಇದ್ದೇ ಇದೆಯಲ್ಲ ಎಂದು ಅಲ್ಲಿಗೆ ನಿಲ್ಲಿಸಿದರು. ಆಗ ಇಬ್ಬರಿಗೂ ಮೂವತ್ತು ತುಂಬಿರಲಿಲ್ಲ.

ಪತ್ರಿಕೆಗಳು ಈ ಸುದ್ದಿಯನ್ನು ಕೊಂಡಾಡಿದವು. ಆದರೆ ಆ ಮಾರ್ಗ ಎಷ್ಟು ದೀರ್ಘವಾಗಿತ್ತೆಂದರೆ ಅದರಿಂದ ಸೈನಿಕರಿಗೆ ಮಾತ್ರೆ ಒದಗಿಸುವ ಪ್ರಶ್ನೆಯೇ ಇರಲಿಲ್ಲ. ಮಿತ್ರಸೇನೆಯ ಕೈಹಿಡಿದದ್ದು ಮೆಪಾಕ್ರಿನ್ ಎಂಬ ಬೇರೊಂದು ಕೃತಕ ಔಷಧ. ಹಾಗಾದರೆ ವುಡ್‌ವರ್ಡ್ ಅವರ ಶ್ರಮ ವ್ಯರ್ಥವಾಯಿತೇ? ಅಷ್ಟು ತೊಡಕಾದ ಅಣುವನ್ನು ಮೊದಲೇ ಯೋಚಿಸಿ, ಪ್ರತಿ ಹಂತಕ್ಕೂ ಕಾರಣ ಕೊಟ್ಟು ಕಟ್ಟಬಹುದೆಂಬ ಧೈರ್ಯ ಬಂದದ್ದು ಅಂಥ ಕೆಲಸಗಳಿಂದಲೇ. ಅವರು ಮುಂದೆ ಕೊಲೆಸ್ಟೆರಾಲ್, ಸ್ಟ್ರಿಕ್ನಿನ್, ಕ್ಲೋರೋಫಿಲ್ ಮುಂತಾದವುಗಳನ್ನು ಸಂಶ್ಲೇಷಿಸಿ 1965ರಲ್ಲಿ ನೊಬೆಲ್ ಪ್ರಶಸ್ತಿ ಪಡೆದರು.

ಅವರ ಇನ್ನೊಂದು ದೊಡ್ಡ ಸಾಹಸ ವಿಟಮಿನ್ ಬಿ12. ಅದರಲ್ಲಿ ಇಂಗಾಲದ ಪರಮಾಣುಗಳೇ 63. ವುಡ್‌ವರ್ಡ್ ಮತ್ತು ಸ್ವಿಟ್ಜರ್ಲೆಂಡಿನ ಎಷೆನ್‌ಮೋಸರ್ ತಂಡಗಳ ಸುಮಾರು ನೂರು ಮಂದಿ ಹತ್ತು ವರ್ಷಕ್ಕೂ ಮಿಕ್ಕಿ ದುಡಿದರು. ಆ ಗೆಲುವನ್ನು ವುಡ್‌ವರ್ಡ್ ವಿವರಿಸಿದ್ದು ನಮ್ಮ ಹೊಸದಿಲ್ಲಿಯಲ್ಲಿ, 1972ರ ಫೆಬ್ರವರಿಯ ಒಂದು ಅಂತರರಾಷ್ಟ್ರೀಯ ಸಮ್ಮೇಳನದಲ್ಲಿ ಎಂಬುದು ಸಂತೋಷದ ವಿಷಯ. ಇದರ ನಡುದಾರಿಯಲ್ಲಿ ಒಂದು ವಿಚಿತ್ರ ಎದುರಾಯಿತು. ಉಂಗುರ ಕಟ್ಟುವ ಒಂದು ಹಂತದಲ್ಲಿ ಅವರು ನಿರೀಕ್ಷಿಸಿದ್ದಕ್ಕೆ ವಿರುದ್ಧವಾದ ರೂಪ ಬಂತು. ಶಾಖ ಕೊಟ್ಟರೆ ಒಂದು ಬಗೆ, ಬೆಳಕು ಹಾಯಿಸಿದರೆ ಇನ್ನೊಂದು ಬಗೆ. ವುಡ್‌ವರ್ಡ್ ಅದನ್ನು ಬದಿಗೆ ಸರಿಸಲಿಲ್ಲ. ರೋಲ್ಡ್ ಹಾಫ್‌ಮನ್ ಎಂಬ ತರುಣ ಸಿದ್ಧಾಂತಿಯೊಡನೆ ಕೂಡಿ ಇದಕ್ಕೆ ಕಾರಣ ಹುಡುಕಿದರು. 1965ರಲ್ಲಿ ಪ್ರಕಟವಾದ ವುಡ್‌ವರ್ಡ್–ಹಾಫ್‌ಮನ್ ನಿಯಮಗಳು ಹುಟ್ಟಿದ್ದು ಹೀಗೆ. ಡೀಲ್ಸ್–ಆಲ್ಡರ್ ಕ್ರಿಯೆ ಏಕೆ ಅಷ್ಟು ಸಲೀಸಾಗಿ ನಡೆಯುತ್ತದೆ ಎಂಬುದೂ ಈ ನಿಯಮಗಳಿಂದಲೇ ತಿಳಿಯಿತು. ವಿಟಮಿನ್ ಬಿ12 ಅನ್ನು ಇಂದಿಗೂ ಸೂಕ್ಷ್ಮಜೀವಿಗಳಿಂದ ಪಡೆಯುತ್ತಾರೆ. ಪ್ರಯೋಗಶಾಲೆಯ ಆ ಮಾರ್ಗ ಕಾರ್ಖಾನೆಗೆ ಬರಲಿಲ್ಲ, ಆದರೆ ನಿಯಮಗಳು ಜಗತ್ತಿನ ಪ್ರತಿಯೊಬ್ಬ ರಸಾಯನ ವಿದ್ಯಾರ್ಥಿಯ ಕೈಗೂ ಬಂದವು.

ಎಡ-ಬಲದ ಸಮಸ್ಯೆ ಮಾತ್ರ ಹಾಗೆಯೇ ಉಳಿದಿತ್ತು. ಸಾಮಾನ್ಯ ಕ್ರಿಯೆಗಳಲ್ಲಿ ಎಡಗೈ ರೂಪ, ಬಲಗೈ ರೂಪಗಳು ಸಮಸಮವಾಗಿ ಬರುತ್ತವೆ. ಬೇಕಾದ ಒಂದನ್ನೇ ಪಡೆಯಬೇಕಾದರೆ ಕ್ರಿಯೆಗೆ ದಾರಿ ತೋರುವ ವಸ್ತುವಿಗೇ ಎಡ-ಬಲದ ಭೇದವಿರಬೇಕು. ಅಂಥ ವಸ್ತು ಯಾವುದು? ಇಲ್ಲಿ ನಮ್ಮ ಕ್ವಿನೈನ್ ಹೊಸ ವೇಷದಲ್ಲಿ ಮರಳಿ ಬರುತ್ತದೆ. ಸಿಂಕೋನಾ ತೊಗಟೆಯಲ್ಲಿ ಕ್ವಿನೈನ್ ಜೊತೆಗೆ ಕ್ವಿನಿಡೀನ್ ಎಂಬ ಇನ್ನೊಂದು ವಸ್ತುವಿದೆ. ಸೂತ್ರ ಒಂದೇ. ಎರಡು ಇಂಗಾಲಗಳ ಜೋಡಣೆಯಲ್ಲಿ ಮಾತ್ರ ವ್ಯತ್ಯಾಸ. ಈ ಎರಡನ್ನು ಕ್ರಿಯಾವರ್ಧಕವಾಗಿ ಬಳಸಿದರೆ ಒಂದರಿಂದ ಒಂದು ಕೈಯ ರೂಪವೂ ಇನ್ನೊಂದರಿಂದ ಮತ್ತೊಂದು ಕೈಯ ರೂಪವೂ ತುಸು ಹೆಚ್ಚಾಗಿ ಬರುತ್ತವೆ ಎಂಬುದನ್ನು 1912ರಲ್ಲಿ ಬ್ರೆಡಿಗ್ ಮತ್ತು ಫಿಸ್ಕೆ ಕಂಡಿದ್ದರು. ಆ 'ತುಸು' ಎಂಬುದು 'ಬಹುತೇಕ ಪೂರ್ತಿ' ಆಗಲು ದಶಕಗಳೇ ಹಿಡಿದವು. ಅಮೆರಿಕದ ಬ್ಯಾರಿ ಶಾರ್ಪ್‌ಲೆಸ್ ಅವರ ತಂಡವು 1988ರಲ್ಲಿ ಈ ಎರಡು ವಸ್ತುಗಳ ರೂಪಾಂತರಗಳನ್ನು ಅಲ್ಪ ಪ್ರಮಾಣದ ಆಸ್ಮಿಯಂ ಸಂಯುಕ್ತದೊಡನೆ ಬಳಸಿತು. ಆ ಮೂಲಕ ದ್ವಿಬಂಧದ ಎರಡು ಇಂಗಾಲಗಳಿಗೂ ಬೇಕಾದ ಬದಿಯಿಂದಲೇ ಆಮ್ಲಜನಕ-ಜಲಜನಕದ ಗುಂಪುಗಳನ್ನು ಸೇರಿಸುವ ಕ್ರಿಯೆಯನ್ನು ರೂಪಿಸಿತು. ಕ್ವಿನೈನ್ ವರ್ಗದ್ದನ್ನು ಹಾಕಿದರೆ ಒಂದು ಬದಿ, ಕ್ವಿನಿಡೀನ್ ವರ್ಗದ್ದನ್ನು ಹಾಕಿದರೆ ಎದುರು ಬದಿ. ಕಟ್ಟಲು ಅಷ್ಟು ಕಷ್ಟವಾಗಿದ್ದ ಅಣುವೇ ಬೇರೆ ಅಣುಗಳನ್ನು ಕಟ್ಟುವ ಉಪಕರಣವಾಯಿತು!

2001ರಲ್ಲಿ ಶಾರ್ಪ್‌ಲೆಸ್ ಅವರೊಡನೆ ನೊಬೆಲ್ ಹಂಚಿಕೊಂಡವರು ಜಪಾನಿನ ನೊಯೋರಿ ಮತ್ತು ಅಮೆರಿಕದ ನೋಲ್ಸ್. ನೋಲ್ಸ್ ಅವರು ಕಂಡುಕೊಂಡ ಎಡ-ಬಲ ಆಯ್ಕೆಯ ಕ್ರಿಯೆಯಿಂದಲೇ ಪಾರ್ಕಿನ್ಸನ್ ಕಾಯಿಲೆಗೆ ಕೊಡುವ ಎಲ್-ಡೋಪಾ ಔಷಧವು ಕಾರ್ಖಾನೆಯಲ್ಲಿ ತಯಾರಾಯಿತು. ಕೈ ನಡುಗುವ ಹಿರಿಯರನ್ನು ಮನೆಯಲ್ಲಿ ನೋಡಿಕೊಂಡವರಿಗೆ ಈ ಮಾತಿನ ಬೆಲೆ ತಿಳಿಯುತ್ತದೆ.

ಅದೇ 2001ರಲ್ಲಿ ಕ್ವಿನೈನಿನ ಕಥೆಗೂ ಒಂದು ಮಹತ್ವದ ತಿರುವು ಬಂತು. ಕೊಲಂಬಿಯಾ ವಿಶ್ವವಿದ್ಯಾನಿಲಯದ ಗಿಲ್ಬರ್ಟ್ ಸ್ಟಾರ್ಕ್, ತಮ್ಮ ಎಂಬತ್ತರ ಆಸುಪಾಸಿನಲ್ಲಿ, ನಾಲ್ಕು ಇಂಗಾಲಗಳ ಜೋಡಣೆಯನ್ನೂ ಹತೋಟಿಯಲ್ಲಿಟ್ಟುಕೊಂಡು ಕ್ವಿನೈನನ್ನು ಸಂಶ್ಲೇಷಿಸಿದರು. ತರುಣರಾಗಿದ್ದಾಗ, 1940ರ ದಶಕದಲ್ಲಿಯೇ, ಅವರು ಈ ಅಣುವಿನ ಬೆನ್ನು ಹತ್ತಿದ್ದರು. ಅವರ ಮಾರ್ಗದಲ್ಲಿ 1919ರಲ್ಲಿ ಸ್ಟೌಡಿಂಗರ್ ಕಂಡುಹಿಡಿದ ಕ್ರಿಯೆಯಿದೆ, 1940ರ ದಶಕದಲ್ಲಿ ದೊರೆತ ಸೋಡಿಯಂ ಬೋರೋಹೈಡ್ರೈಡ್ ಇದೆ. ಪರ್ಕಿನ್ನನ ಕೈಯಲ್ಲಿ ಇಲ್ಲದಿದ್ದವು ಇವೇ. ವುಡ್‌ವರ್ಡ್ ಮತ್ತು ಡೋರಿಂಗ್ ನಿಜವಾಗಿ ಕ್ವಿನೈನನ್ನು ತಲುಪಿರಲಿಲ್ಲ, ರಾಬೆಯವರ ಕೊನೆಯ ಹಂತವನ್ನು ಯಾರೂ ಪರೀಕ್ಷಿಸಿ ನೋಡಿರಲಿಲ್ಲ ಎಂಬುದನ್ನೂ ಸ್ಟಾರ್ಕ್ ಎತ್ತಿ ತೋರಿಸಿದರು.

ಹಾಗಾಗಿ ಬಹಳ ಹಿಂದೆಯೇ ತೀರಿಹೋಗಿದ್ದ ರಾಬೆಯವರ ಮಾತಿನ ಮೇಲೆಯೇ ಸಂಶಯದ ನೆರಳು ಬಿತ್ತು. ಅವರು ಬರೆದದ್ದು ನಿಜವೇ? ಕೊಲೊರಾಡೊ ರಾಜ್ಯ ವಿಶ್ವವಿದ್ಯಾನಿಲಯದ ಆರನ್ ಸ್ಮಿತ್ ಮತ್ತು ರಾಬರ್ಟ್ ವಿಲಿಯಮ್ಸ್ ಆ ಪ್ರಯೋಗವನ್ನು ಹಳೆಯ ಕಾಲದ ಸಾಧನಗಳಿಂದಲೇ ಮತ್ತೆ ಮಾಡಿ 2008ರಲ್ಲಿ ಫಲಿತಾಂಶವನ್ನು ಪ್ರಕಟಿಸಿದರು. ಹೊಸ ಡಬ್ಬಿಯ ಅಲ್ಯೂಮಿನಿಯಂ ಪುಡಿ ಬಳಸಿದಾಗ ಕ್ವಿನೈನ್ ಸರಿಯಾಗಿ ದೊರೆಯಲಿಲ್ಲ. ಗಾಳಿಗೆ ತೆರೆದಿಟ್ಟು ಸ್ವಲ್ಪ ಕಿಲುಬು ಹಿಡಿದಂತಾದ ಪುಡಿಯನ್ನು ಬಳಸಿದಾಗ ದೊರೆಯಿತು! ರಾಬೆ ಸತ್ಯವನ್ನೇ ಬರೆದಿದ್ದರು, ಪುಡಿ ಎಷ್ಟು ಹಳೆಯದೆಂಬುದನ್ನು ಮಾತ್ರ ಬರೆದಿರಲಿಲ್ಲ. ತೊಂಬತ್ತು ವರ್ಷಗಳ ನಂತರ ಒಬ್ಬ ಅಧ್ಯಾಪಕರ ಹೆಸರು ಉಳಿದದ್ದು ಇಷ್ಟು ಸಣ್ಣ ವಿವರದಿಂದ. ಪ್ರಯೋಗ ಪುಸ್ತಕದಲ್ಲಿ ಕಂಡದ್ದನ್ನೆಲ್ಲ ಬರೆಯಿರಿ ಎಂದು ನಾವು ಉಪಾಧ್ಯಾಯರು ಒತ್ತಾಯಿಸುತ್ತಿದ್ದುದು ಅಂಕಕ್ಕಾಗಿ ಮಾತ್ರವಲ್ಲ.

ಇಷ್ಟೆಲ್ಲ ಆದ ಮೇಲೆಯೂ ಔಷಧದಂಗಡಿಯ ಕ್ವಿನೈನ್ ಬರುತ್ತಿರುವುದು ಮರದ ತೊಗಟೆಯಿಂದಲೇ. ಮಲೇರಿಯಾ ಚಿಕಿತ್ಸೆಯಲ್ಲಿ ಅದರ ಸ್ಥಾನವನ್ನು ಬಹುಮಟ್ಟಿಗೆ ಆರ್ಟೆಮಿಸಿನಿನ್ ಮೂಲದ ಔಷಧಗಳು ಪಡೆದಿವೆ. ಅದೂ ಒಂದು ಗಿಡದ ಕೊಡುಗೆಯೇ. ಗಿಡವು ಮಣ್ಣು, ನೀರು, ಬಿಸಿಲುಗಳಿಂದ ಸದ್ದಿಲ್ಲದೆ ಮಾಡುವುದನ್ನು ಮನುಷ್ಯನು ಅಗ್ಗವಾಗಿ ಮಾಡಲು ಇನ್ನೂ ಕಲಿತಿಲ್ಲ. ಹಾಗಾದರೆ ಈ ಒಂದೂವರೆ ಶತಮಾನದ ಶ್ರಮದ ಲೆಕ್ಕ ಹೇಗೆ? ಕ್ವಿನೈನನ್ನು ಮಾತ್ರ ಎಣಿಸಿದರೆ ನಷ್ಟ. ಆದರೆ ಕ್ವಿನೈನನ್ನು ಅರಸಿ ಹೊರಟವರು ಬಣ್ಣದ ಉದ್ಯಮವನ್ನು ಕಂಡರು, ಅಣುವಿನ ರಚನೆಯನ್ನು ಯೋಜಿಸಿ ಕಟ್ಟುವುದನ್ನು ಕಲಿತರು. ಅದೇ ತೊಗಟೆಯಿಂದಲೇ ಎಡ-ಬಲ ಆಯ್ದುಕೊಳ್ಳುವ ಉಪಕರಣವನ್ನೂ ಪಡೆದರು. ಇಂದು ನಾವು ನುಂಗುವ ರಕ್ತದೊತ್ತಡದ, ಕೊಲೆಸ್ಟೆರಾಲಿನ, ಕ್ಯಾನ್ಸರಿನ ಎಷ್ಟೋ ಮಾತ್ರೆಗಳ ಹಿಂದೆ, ಒಂದು ಕಾಲದಲ್ಲಿ ಯಾವ ಉಪಯೋಗಕ್ಕೂ ಬಾರದೆಂದು ತೋರಿದ್ದ ಇಂಥ ಕ್ರಿಯೆಗಳಿವೆ.

ನಿಮ್ಮಲ್ಲಿ ಕೆಲವರು ಬೆಂಗಳೂರು, ಹೈದರಾಬಾದುಗಳ ಔಷಧ ಕಂಪನಿಗಳಲ್ಲಿ ದುಡಿಯುತ್ತಿದ್ದೀರಿ, ಕೆಲವರು ನನ್ನಂತೆಯೇ ಸೀಮೆಸುಣ್ಣ ಹಿಡಿದಿದ್ದೀರಿ. ದಿನನಿತ್ಯ ನಿಮ್ಮ ಕೈಯಿಂದ ನಡೆಯುವ ಕ್ರಿಯೆಗಳಲ್ಲಿ ಯಾವುದು ಯಾರ ಹೆಸರಿನದು, ಅದು ನಿಮಗೆ ಯಾವ ಕಷ್ಟದಲ್ಲಿ ಒದಗಿತು ಎಂಬುದನ್ನು ಬಿಡುವಾದಾಗ ನನಗೆ ಬರೆದು ತಿಳಿಸಿರಿ. ವಯಸ್ಸಾದ ಮೇಷ್ಟರಿಗೂ ಕಲಿಯುವುದು ಇನ್ನೂ ಬಹಳವಿದೆ.